ಬಿಳಿ ಸೌಟು

ವಾಸ್ಕೊ ಬಂದರಿನ ಹಿಂದೆ, ಹಳೆ ಟೈರುಗಳ ಗುಡ್ಡೆಯಲ್ಲಿ
ಬೆಳಗಿನ ಏಳಕ್ಕೆ ನನ್ನ ಕೆಲಸ.
ಉದ್ದ ಹಿಡಿಯ ಬಿಳಿ ಸೌಟು, ಒಂದು ಟಾರ್ಚು,
ಅಂಗಿ ಜೇಬಿನಲ್ಲಿ ಆರು ಗಾಜಿನ ಶೀಷೆ.
ಬಗ್ಗಿ, ಟೈರಿನ ಹೊಟ್ಟೆಗೆ ಬೆಳಕು ಬಿಟ್ಟು
ನಿನ್ನೆಯ ಮಳೆಯನ್ನು ಎತ್ತುತ್ತೇನೆ
ಸಾರಿನ ತಳ ಕೆದಕಿದ ಹಾಗೆ.
ಬಂದರೆ ಬಂದವು: ಅಲ್ಪವಿರಾಮದಂಥ ಮರಿಗಳು,
ನೆರಳು ಬಿದ್ದದ್ದೇ ಕೊಂಕಿ ಕೊಂಕಿ ತಳಕ್ಕಿಳಿಯುತ್ತವೆ.

ನನ್ನವ್ವ ಇವನ್ನು ಗುಂಗಾಡಿ ಅನ್ನುತ್ತಿದ್ದಳು,
ಇಲ್ಲಿಯವರು ಜಳಾರ್.
ಫುರ್ಟಾಡೊ ಮೇಡಂ ಕರೆಯುವ ಹೆಸರು
ನನ್ನ ನಾಲಿಗೆಗೆ ಇನ್ನೂ ಒಗ್ಗಿಲ್ಲ.

ಹನ್ನೆರಡು ವರ್ಷ ಇದೇ ಬಂದರಿನಲ್ಲಿ ಹಮಾಲಿ ಮಾಡಿ
ಬೆನ್ನು ಹೋದ ಮೇಲೆ ಸಿಕ್ಕಿದ್ದು ಈ ಸೌಟು.
ಹಗುರ ಇದೆ. ದಿನಗೂಲಿ ಪಟ್ಟಿಯಲ್ಲಿ
ಹುಲಿಗೆಪ್ಪ, ಹನ್ನೊಂದನೆಯ ಹೆಸರು.

‘ಈ ಟೈರು ಎಲ್ಲಿಯವು?’ ಮೇಡಂ ಕೇಳಿದರು.
‘ಹಡಗಿನವು.’
‘ಯಾವ ಹಡಗು?’
ಅಂಗಡಿಯ ನಾಯಕ್ ನಕ್ಕ:
‘ಟೈರಿಗೂ ಜಾತಕ ಬರೆಸಬೇಕಾ ಬಾಯಿ?’

ಮೇಡಂ ನಗಲಿಲ್ಲ. ರಬ್ಬರಿನ ಒಳಮೈ ತೋರಿಸಿದರು,
ನೀರಿನ ಗೆರೆಗಿಂತ ಒಂದು ಬೆರಳು ಮೇಲೆ
ಮಸಿ ಸಿಡಿದ ಹಾಗೆ ತತ್ತಿಗಳು.
ತಿಂಗಳುಗಟ್ಟಲೆ ಹನಿ ನೀರಿಲ್ಲದೆ ಇರುತ್ತವಂತೆ,
ಸಮುದ್ರ ದಾಟುತ್ತವಂತೆ, ಬಿಸಿಲು ಕುಡಿಯುತ್ತವಂತೆ,
ಎಲ್ಲೋ ಒಂದು ಊರಲ್ಲಿ ನಾಲ್ಕು ಹನಿ ಬಿದ್ದ ದಿನ
ಎದ್ದು ಕೂಡುತ್ತವಂತೆ.
ನಾನು ಹೂಂ ಅಂದೆ.
ಒಣಗಿಕೊಂಡು ಕಾಯುವುದು ನನಗೆ ಹೊಸ ಸುದ್ದಿಯಲ್ಲ.

ಬೆನ್ನ ಮೇಲೆ ಒಂದೇ ಬಿಳಿ ಗೆರೆ ಇದ್ದರೆ ಒಂದು ಜಾತಿ,
ತಂಬೂರಿಯಂಥ ಗುರುತಿದ್ದರೆ ಇನ್ನೊಂದು.
ಈ ಸಲ ಶೀಷೆಯಲ್ಲಿ ರೆಕ್ಕೆ ಬಂದದ್ದಕ್ಕೆ ಎರಡೂ ಇಲ್ಲ.
ಮೇಡಂ ದುರ್ಬೀನಿನಿಂದ ಕಣ್ಣು ತೆಗೆಯದೆ
ಬಹಳ ಹೊತ್ತು ಸುಮ್ಮನಿದ್ದರು.
ಹೊರಗೆ ಕ್ರೇನು ಕಿರುಗುಟ್ಟುತ್ತಿತ್ತು.

ಚಹದ ಗಾಡಿಯ ಹತ್ತಿರ ಮಾತು ನನಗಿಂತ ಮೊದಲೇ ಬಂದಿತ್ತು:
ಜ್ವರ ತಂದವರು ಘಾಂಟಿಗಳು.
ಘಟ್ಟ ಇಳಿದು ಬಂದವರಿಗೆ ಇಲ್ಲಿ ಅದೊಂದೇ ಹೆಸರು.
ಬಂದ ಹೊಸದರಲ್ಲಿ ನನ್ನದೂ ಬೆರಳು ಚುಚ್ಚಿ
ಗಾಜಿನ ಮೇಲೆ ಒರೆಸಿ, ಕಾರ್ಡಿಗೆ ಠಸ್ಸೆ ಒತ್ತಿದ್ದರು.
ನನ್ನ ರಕ್ತ ಕೂಲಿಗೆ ಪಾಸಾಗಿತ್ತು.

‘ಜ್ವರ ಇಲ್ಲಿ ಮೊದಲೇ ಇತ್ತು ಹುಲಿಗೆಪ್ಪ,’
ಸಂಜೆ ಮೇಡಂ ಶೀಷೆ ತೊಳೆಯುತ್ತಾ ಅಂದರು,
‘ಹೊರುವವರು ಹೊಸಬರು, ಅಷ್ಟೇ.
ನಮ್ಮ ಬಾವಿ, ಟಾಕಿಗಳದ್ದೊಂದು ಜಾತಿ ಹೋಗಿ
ಆಫ್ರಿಕಾದ ಬಂದರಿನಲ್ಲಿ ಇಳಿದು ಸಂಸಾರ ಹೂಡಿದೆ.
ಅಲ್ಲಿಯವರು ಅದನ್ನು ಏನಂತ ಬೈಯುತ್ತಾರೋ!’
ನಾನು ಹೊತ್ತ ಚೀಲಗಳು ನೆನಪಾದವು.
ಒಳಗೇನಿದೆ ಅಂತ ನಮಗೆ ಯಾರೂ ಹೇಳಿದವರಲ್ಲ.
ಒಡೆದು ಚೆಲ್ಲಿದರೆ ಮಾತ್ರ
ಹೊತ್ತವನ ಹೆಸರು ಕೂಗುತ್ತಿದ್ದರು.

ಭಾನುವಾರ. ಝುವಾರಿನಗರದ ಖೋಲಿ.
ಕಿಟಕಿಯಲ್ಲಿ ಮಗಳದೊಂದು ಫೆನ್ನಿ ಬಾಟಲಿ,
ಅದರಲ್ಲಿ ಯಾರದೋ ಬೇಲಿಯಿಂದ ಮುರಿದು ತಂದ ಬಳ್ಳಿ.
‘ಅಪ್ಪಾ, ಮೀನಿನ ಮರಿ ಹುಟ್ಯಾವ ನೋಡು.
ದೊಡ್ಡವಾದ್ರ ಹೊಳಿಗೆ ಬಿಡೂಣು.’

ಟಾರ್ಚು ಹಾಕುವುದೇ ಬೇಕಿರಲಿಲ್ಲ.

ಫಾರಮ್ಮು ತೆಗೆದೆ. ಪಾತ್ರೆಯ ಬಗೆ: ಬಾಟಲಿ.
ಮರಿಗಳು: ಹದಿನಾಲ್ಕು.
ಮನೆಯವರ ಹೆಸರಿನ ಮುಂದೆ ನನ್ನದೇ ಹೆಸರು,
ಅಕ್ಷರ ಯಾಕೋ ಸಣ್ಣವಾದವು.
ಎರಡನ್ನು ಮೇಡಂಗೆಂದು ಶೀಷೆಗಿಳಿಸಿ
ಉಳಿದದ್ದನ್ನು ಕಾದ ಸಿಮೆಂಟಿನ ಮೇಲೆ ಚೆಲ್ಲಿದೆ.
ಅವು ಇನ್ನೂ ಬರೆಯುತ್ತಿದ್ದವು, ಕೊಂಕಿ, ಕೊಂಕಿ.

‘ಇವು ಯಾವ ಊರಿನವು?’ ಭಾಗ್ಯಶ್ರೀ ಕೇಳಿದಳು.
ಅವಳು ಚಿಖಲಿಯ ಆಸ್ಪತ್ರೆಯಲ್ಲಿ ಹುಟ್ಟಿದವಳು,
ಕೊಪ್ಪಳ ನೋಡಿದ್ದು ಎರಡು ಸಲ.
‘ಇಲ್ಲೇ ಹುಟ್ಟಿದವು,’ ಅಂದೆ.

ನೀರು ಆರುವ ತನಕ ಅವಳು ಕದಲಲಿಲ್ಲ.
ನಾನು ಬಾಟಲಿಯ ಒಳಗೋಡೆ ತಿಕ್ಕಲೆಂದು
ಸೈಕಲ್ಲಿನ ಕಡ್ಡಿಗೆ
ತೆಂಗಿನ ನಾರು ಸುತ್ತುತ್ತಾ ಕೂತೆ.